ಸೂಟಿಯಲ್ಲಿ ಮಕ್ಕಳಿಗೆ ಯಾವ ಪುಸ್ತಕ?



ಏಪ್ರಿಲ್ ಬಂತು. ಶಾಲೆಗೆ ಬೇಸಿಗೆ ಸೂಟಿ. ಸುಮಾರು ಏಳು ವಾರ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ಮಾವಿನಕಾಯಿ, ಗೇರುಹಣ್ಣು, ಕವಳಿಹಣ್ಣು, ಅಜ್ಜಿಯ ಊರು. ಪಾಟಿಚೀಲ ಗೂಟಕ್ಕೆ ತೂಗುತ್ತದೆ. ಶಾಲೆ ಮತ್ತೆ ತೆರೆಯುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ.

ಸೂಟಿ ಬೇಕು. ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ನಾವು ಶಿಕ್ಷಕರು ಒಂದು ಸಂಗತಿ ನೋಡುತ್ತೇವೆ. ಮಾರ್ಚ್‌ನಲ್ಲಿ ಸರಾಗವಾಗಿ ಓದುತ್ತಿದ್ದ ಎರಡನೇತ್ತದ ಹುಡುಗಿ ಈಗ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಆಕೆ ದಡ್ಡಿಯಲ್ಲ. ಏಳು ವಾರ ಏನೂ ಓದಿಲ್ಲ, ಅಷ್ಟೇ.

ಇದು ನಿಮಗೂ ಗೊತ್ತಿರುವ ಮಾತು. ಸುಗ್ಗಿ ಬಂತು, ಒಂದು ತಿಂಗಳು ಕಲಿಕಾ ಕೇಂದ್ರಕ್ಕೆ ಬರಲು ಆಗಲಿಲ್ಲ. ತಿರುಗಿ ಬಂದಾಗ ಏನಾಯಿತು? ಕಲಿತ ಅಕ್ಷರವೇ ಹೊಸದಾಗಿ ಕಂಡಿತು. ಹೌದಲ್ಲ? ಎರಡನೇತ್ತದ ಮಗು ಮತ್ತು ಹೊಸದಾಗಿ ಓದಲು ಕಲಿತ ತಾಯಿ, ಇಬ್ಬರೂ ಒಂದೇ ದಾರಿಯಲ್ಲಿ ಇದ್ದೀರಿ. ಅದಕ್ಕೇ ಈ ಪಾಠ ಬರೆದಿದ್ದೇವೆ.

ಸೂಟಿಯಲ್ಲಿ ಮನೆಯಲ್ಲಿ ಕಥೆಯ ಪುಸ್ತಕ ಇರಬೇಕು. ಯಾವ ಪುಸ್ತಕ? ಅದನ್ನು ಆರಿಸುವವರು ಯಾರು?

ನಾವು ಮಾಡಿದ ತಪ್ಪು

ಖಾನಾಪುರ ತಾಲೂಕಿನ ಒಂದು ಹಳ್ಳಿ. ಕಾಡಿನ ಅಂಚಿನ ಊರು. ಅಲ್ಲಿಯ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ತಾಯಿ ನಮ್ಮನ್ನು ಕೇಳಿದರು.

"ಅಕ್ಕೋರ, ಮಗಳಿಗೆ ಸೂಟಿಯಾಗ ಒಂದು ಪುಸ್ತಕ ಬೇಕ್ರಿ. ನನಗ ಈಗೀಗ ಓದಾಕ ಬರಾಕತ್ತೈತಿ. ನಾ ಹ್ಯಾಂಗ ಆರಿಸ್ಲಿ? ನೀವ ಒಂದು ತಂದ ಕೊಡ್ರಿ."

ನಾವು ಬೆಳಗಾವಿಯಿಂದ ಪುಸ್ತಕ ತಂದೆವು. ದಪ್ಪ ರಟ್ಟು. ಹೊಳೆಯುವ ಹಾಳೆ. ನೂರಕ್ಕೂ ಹೆಚ್ಚು ಕಥೆ. ಪ್ರತಿ ಕಥೆಯ ಕೊನೆಗೆ ಒಂದು ನೀತಿ. ಆ ತಾಯಿ ಅದನ್ನು ಕಣ್ಣಿಗೆ ಒತ್ತಿಕೊಂಡರು. ದೇವರ ಫೋಟೋದ ಪಕ್ಕದಲ್ಲಿ ಇಟ್ಟರು. ಮಗಳು ಎರಡು ಸಲ ತೆಗೆದು ನೋಡಿದಳು. ಅಕ್ಷರ ಸಣ್ಣ. ಪುಟದ ತುಂಬ ಸಾಲು. ಐದು ಪುಟಕ್ಕೆ ಒಂದು ಚಿತ್ರ. ಪುಸ್ತಕ ಅಲ್ಲೇ ಉಳಿಯಿತು. ಮೇಲೆ ಧೂಳು ಕೂತಿತು.

ಮರು ವರ್ಷ ಆ ತಾಯಿ ನಮ್ಮನ್ನು ಕೇಳಲಿಲ್ಲ. ಮಗಳ ಕೈ ಹಿಡಿದು ಪಂಚಾಯಿತಿಯ ಗ್ರಂಥಾಲಯಕ್ಕೆ ತಾವೇ ಹೋದರು. ಹುಡುಗಿ ತೆಳ್ಳಗಿನ ಒಂದು ಪುಸ್ತಕ ಹಿಡಿದುಕೊಂಡಳು. ಮುಖಪುಟದ ಮೇಲೆ ಕರಡಿ. ಅವರ ಊರಿನ ಸುತ್ತ ಕರಡಿ ತಿರುಗುತ್ತವೆ. ಹುಡುಗಿಯ ಮಾವ ಒಮ್ಮೆ ಕಂಡು ಓಡಿ ಬಂದಿದ್ದರಂತೆ. ಆ ಪುಸ್ತಕವನ್ನು ಹುಡುಗಿ ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ತಾಯಿಯೂ ಓದಿದರು. ಒಮ್ಮೆ ತಾಯಿ ಒಂದು ಪದ ತಪ್ಪಿದಾಗ ಮಗಳು, "ಯವ್ವಾ, ಹಂಗಲ್ಲ, ಒತ್ತ ಐತಿ ನೋಡ" ಅಂದಳಂತೆ. ಇದನ್ನು ಹೇಳುವಾಗ ಆ ತಾಯಿಗೆ ನಗು ತಡೆಯಲಿಲ್ಲ.

ತರಬೇತಿ ಪಡೆದ ಶಿಕ್ಷಕರು ನಾವು. ನಾವು ಆರಿಸಿದ್ದು ಸೋತಿತು. ಅವರು ಆರಿಸಿದ್ದು ಗೆದ್ದಿತು.

ಕೈಬೆರಳಿನ ಲೆಕ್ಕ

ಪುಸ್ತಕ ಮಗುವಿಗೆ ತಕ್ಕದ್ದೋ ಅಲ್ಲವೋ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಬಹಳ ದೇಶಗಳಲ್ಲಿ ಶಿಕ್ಷಕರು ಇದನ್ನು ಮಾಡುತ್ತಾರೆ.

ಪುಸ್ತಕದ ನಡುವಿನ ಒಂದು ಪುಟ ತೆರೆಯಿರಿ. ಮಗು ಗಟ್ಟಿಯಾಗಿ ಓದಲಿ. ಓದಲು ಬಾರದ ಪದ ಬಂದಾಗ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದವೇ? ಪುಸ್ತಕ ಕಠಿಣ. ಎರಡು ಮೂರು ಬೆರಳು ಮಡಚಿದರೆ ಸರಿ. ಒಂದೂ ಮಡಚದಿದ್ದರೆ ಸುಲಭ. ಸೂಟಿಗೆ ಸುಲಭದ ಪುಸ್ತಕವೂ ಒಳ್ಳೆಯದೇ.

ಆದರೆ ಒಂದು ಮಾತು ನೆನಪಿಡಿ. ಕೆಲವು ಪುಸ್ತಕಗಳಲ್ಲಿ ಪುಟಕ್ಕೆ ಎರಡೇ ಸಾಲು ಇರುತ್ತವೆ. ಅಲ್ಲಿ ಎರಡು ಬೆರಳು ಮಡಚಿದರೂ ಕಠಿಣ ಅಂತಲೇ ತಿಳಿಯಿರಿ.

ಮಗು ಜೊತೆಗೆ ಇಲ್ಲವೇ? ನೀವೇ ಓದಿ ನೋಡಿ. ನಿಮ್ಮ ಬೆರಳು ಮಡಚಿ. ಹೊಸದಾಗಿ ಕಲಿತ ನಿಮಗೆ ಒಂದು ಪುಟ ಓದಲು ಬಂದರೆ, ಎರಡನೇತ್ತ ಮೂರನೇತ್ತದ ಮಗುವಿಗೂ ಬರುವ ಸಂಭವ ಹೆಚ್ಚು. ಈ ಪರೀಕ್ಷೆ ನಮ್ಮಿಂದ ಆಗುವುದಿಲ್ಲ. ನಮಗೆ ಎಲ್ಲ ಪುಸ್ತಕವೂ ಸುಲಭವಾಗಿ ಕಾಣುತ್ತದೆ. ಅದಕ್ಕೇ ನಾವು ತಪ್ಪಿದೆವು.

ಇನ್ನು ಕನ್ನಡದ ಒತ್ತಕ್ಷರ. ಅಕ್ಕ, ಅಜ್ಜಿ, ಬೆಕ್ಕು - ಇಲ್ಲಿ ಒಂದು ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಇದು ಮಕ್ಕಳಿಗೆ ಬೇಗ ಬರುತ್ತದೆ. ಚಂದ್ರ, ಪುಸ್ತಕ, ಶಾಸ್ತ್ರ - ಇಲ್ಲಿ ಬೇರೆ ಅಕ್ಷರದ ಒತ್ತು. ಇದು ತಡವಾಗಿ ಬರುತ್ತದೆ. ಒಂದನೇತ್ತ ಮುಗಿಸಿದ ಮಗುವಿಗೆ ಇಂಥ ಪದಗಳು ಕಡಿಮೆ ಇರುವ ಪುಸ್ತಕ ನೋಡಿ. ಅಕ್ಷರ ದೊಡ್ಡದಿರಲಿ. ಪದ ಪದಕ್ಕೂ ನಡುವೆ ಜಾಗ ಇರಲಿ. ಅಕ್ಷರದ ಹಿಂದೆ ಬಣ್ಣ ಬಳಿದ ಪುಟ ಬೇಡ. ಸಂಜೆಯ ಬೆಳಕಿನಲ್ಲಿ ಅದು ನಮಗೂ ಕಾಣುವುದಿಲ್ಲ.

'ಅ ಆ ಇ ಈ' ಬರೆದ ಪುಸ್ತಕ ಬಸ್ ನಿಲ್ದಾಣದಲ್ಲೂ ಸಿಗುತ್ತದೆ. ಅದನ್ನು ಮತ್ತೆ ಕೊಳ್ಳಬೇಡಿ. ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅಕ್ಷರಗಳನ್ನು ಆ ಸಾಲಿನಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಶುರು ಮಾಡುತ್ತಾರೆ. ಅಷ್ಟು ಬಂದರೆ ಸರ, ಅರಸ, ಗರಗಸ ಎಂದು ಪದವನ್ನೇ ಓದಬಹುದು. ಪದ ಓದಲು ಬಂದ ಮಗುವಿಗೆ ಬೇಕಾದದ್ದು ಕಥೆ.

ಚಿತ್ರ ಸುಮ್ಮನೆ ಅಲ್ಲ

"ಚಿತ್ರ ನೋಡಕೋತ ಕುಂತ್ರ ಓದು ಬರೂದಿಲ್ಲ" ಅಂತ ಮನೆಯ ಹಿರಿಯರು ಹೇಳುವುದುಂಟು. ಅವರಿಗೆ ಒಂದು ಮಾತು ಹೇಳಿ. ಕೊಮೆನಿಯಸ್ ಎಂಬ ಯುರೋಪಿನ ಶಿಕ್ಷಕರು 1658ರಲ್ಲೇ ಮಕ್ಕಳಿಗಾಗಿ ಚಿತ್ರ ಮತ್ತು ಪದ ಕೂಡಿದ ಪಾಠದ ಪುಸ್ತಕ ಮಾಡಿದ್ದರು. ಚಿತ್ರ ನೋಡಿ ಮಗು ಪದವನ್ನು ಊಹಿಸುತ್ತದೆ. ಆಮೇಲೆ ಅಕ್ಷರ ನೋಡಿ ಹೌದೋ ಅಲ್ಲವೋ ಅಂತ ತಾಳೆ ಹಾಕುತ್ತದೆ. ಓದು ಹಾಗೆಯೇ ಬೆಳೆಯುತ್ತದೆ.

ಒಳ್ಳೆಯ ಚಿತ್ರದ ಪುಸ್ತಕವನ್ನು ಗುರುತಿಸುವುದು ಹೇಗೆ? ಅಕ್ಷರದ ಸಾಲನ್ನು ಕೈಯಿಂದ ಮುಚ್ಚಿ. ಬರೀ ಚಿತ್ರ ನೋಡುತ್ತ ಹಾಳೆ ತಿರುವಿ. ಕಥೆ ಅರ್ಧಕ್ಕರ್ಧ ತಿಳಿಯಿತೇ? ಹಾಗಾದರೆ ಪುಸ್ತಕ ಒಳ್ಳೆಯದು. ಕೆಲವು ಪುಸ್ತಕಗಳಲ್ಲಿ ಕಥೆ ಕಪ್ಪು ಬೆಕ್ಕಿನದು, ಚಿತ್ರ ಬಿಳಿ ಬೆಕ್ಕಿನದು ಇರುತ್ತದೆ! ಇನ್ನು ಕೆಲವದರಲ್ಲಿ ಈ ಪುಟದ ಕಥೆಗೆ ಚಿತ್ರ ಮುಂದಿನ ಪುಟದಲ್ಲಿ. ಅವನ್ನು ಬಿಡಿ.

ಇನ್ನೂ ಒಂದು ನೋಡಿ. ಚಿತ್ರದಲ್ಲಿ ಹುಡುಗಿಯರು, ಹೆಂಗಸರು ಏನು ಮಾಡುತ್ತಿದ್ದಾರೆ? ಎಲ್ಲ ಪುಟದಲ್ಲೂ ಅವ್ವ ಒಲೆಯ ಮುಂದೆ, ಅಪ್ಪ ಪೇಪರ್ ಮುಂದೆ ಇದ್ದರೆ ಮಗು ಅದನ್ನೂ ಕಲಿಯುತ್ತದೆ. ಮರ ಹತ್ತುವ ಹುಡುಗಿ, ಸೈಕಲ್ ಹೊಡೆಯುವ ಹುಡುಗಿ, ಪತ್ರ ಓದುವ ಅವ್ವ ಇರುವ ಪುಸ್ತಕ ಸಿಕ್ಕರೆ ಬಿಡಬೇಡಿ.

ನೀತಿ ಹೇಳದ ಕಥೆಯೂ ಇರಲಿ ಅಂತ ನಮ್ಮ ಅನಿಸಿಕೆ. ನಾವು ಶಾಲೆಯಲ್ಲಿ ವರ್ಷವಿಡೀ ನೀತಿ ಹೇಳುತ್ತೇವೆ. ಸೂಟಿಯಲ್ಲಾದರೂ ಮಗು ನಗಲಿ.

ಮನೆಯ ಮಾತು ಮರಾಠಿ ಆಗಿದ್ದರೆ?

ಖಾನಾಪುರ ತಾಲೂಕಿನ ಎಷ್ಟೋ ಮನೆಗಳಲ್ಲಿ ಮರಾಠಿ ಮಾತಾಡುತ್ತಾರೆ. ಕೆಲವು ಕಡೆ ಕೊಂಕಣಿ, ಉರ್ದು. ಬೆಳಗಾವಿಯ ಓಣಿಗಳಲ್ಲೂ ಹಾಗೆಯೇ. ಮಗು ಕನ್ನಡ ಶಾಲೆಗೆ ಹೋಗುತ್ತದೆ. ಮನೆಯಲ್ಲಿ ಬೇರೆ ಮಾತು. ಆಗ ಚಿತ್ರದ ಪುಸ್ತಕ ಇನ್ನೂ ಹೆಚ್ಚು ಬೇಕು.

ಚಿತ್ರ ತೋರಿಸಿ ಮನೆಯ ಮಾತಿನಲ್ಲೇ ಕಥೆ ಹೇಳಿ. ಮಗು ಚಿತ್ರ ನೋಡಿ 'ಅಸ್ವಲ' ಅಂದಿತೇ? ತಪ್ಪಲ್ಲ. ಕೆಳಗೆ ಕ-ರ-ಡಿ ಅಂತ ಬರೆದಿದೆ. ಬೆರಳಿಟ್ಟು ಓದಿಸಿ. ಒಂದೇ ಕರಡಿಗೆ ಎರಡು ಹೆಸರು ಸಿಕ್ಕವು. ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾಗಿರುವ ಪುಸ್ತಕಗಳು ಇವೆ. ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು. ಯಾವ ಮಾತೂ ಇನ್ನೊಂದನ್ನು ಹಾಳು ಮಾಡುವುದಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ?

ಮೊದಲು ಪುಕ್ಕಟೆ ಸಿಗುವ ಜಾಗ ಹೇಳುತ್ತೇವೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಗ್ರಂಥಾಲಯ ಅಂದರೆ ಪುಸ್ತಕದ ಮನೆ. ಈಗ ಅದಕ್ಕೆ 'ಅರಿವು ಕೇಂದ್ರ' ಅಂತಲೂ ಹೆಸರು ಬರೆದಿರುತ್ತದೆ. 2020ರ ನವೆಂಬರ್‌ನಲ್ಲಿ ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರು ಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಕೊಡುವುದು ಅದರ ಕೆಲಸ. ಬೆಳಗಾವಿ ನಗರದವರಿಗೆ ನಗರ ಕೇಂದ್ರ ಗ್ರಂಥಾಲಯ ಇದೆ.

ಒಳಗೆ ಹೋಗಲು ಸಂಕೋಚ ಬೇಡ. ನೀವು ಮನೆಯ ಕರ ಕಟ್ಟುತ್ತೀರಲ್ಲ, ಅದರ ಜೊತೆಗೆ ಗ್ರಂಥಾಲಯದ ಕರವೂ ಸೇರಿರುತ್ತದೆ. ಅದು ನಿಮ್ಮ ದುಡ್ಡಿನ ಪುಸ್ತಕ. "ಎರಡನೇತ್ತ ಓದೋ ಹುಡುಗಿ ಅದಾಳ್ರಿ. ಚಿತ್ರ ಇರೋ ತೆಳ್ಳನ ಪುಸ್ತಕ ತೋರಿಸ್ರಿ" ಅಂತ ಕೇಳಿ. ಪುಸ್ತಕ ಬೀರುವಿನೊಳಗೆ ಇದ್ದರೆ ತೆರೆಸಿ. ನಾವೂ ಒಂದು ಕಾಲದಲ್ಲಿ, ಮಕ್ಕಳು ಹರಿದಾರು ಅಂತ ಬೀರುವಿಗೆ ಕೀಲಿ ಹಾಕಿ ಇಟ್ಟವರೇ. ಆ ಪುಸ್ತಕಗಳು ಹರಿಯಲಿಲ್ಲ. ಗೆದ್ದಲು ತಿಂದವು.

ಕೊಳ್ಳುವುದಾದರೆ, ಒಂದು ದಪ್ಪ ಪುಸ್ತಕದ ದುಡ್ಡಿಗೆ ತೆಳ್ಳಗಿನ ನಾಲ್ಕೈದು ಬರುತ್ತವೆ. ಹದಿನಾರೋ ಇಪ್ಪತ್ನಾಲ್ಕೋ ಪುಟ ಸಾಕು. ನಡುವೆ ಪಿನ್ನು ಹೊಡೆದದ್ದು ಚಪ್ಪಟೆಯಾಗಿ ತೆರೆಯುತ್ತದೆ, ತೊಡೆಯ ಮೇಲೆ ಇಬ್ಬರೂ ನೋಡಬಹುದು. ಬರೀ ಅಂಟು ಹಚ್ಚಿದ ಪುಸ್ತಕದ ಹಾಳೆ ಬೇಗ ಬಿಚ್ಚುತ್ತವೆ.

ನ್ಯಾಷನಲ್ ಬುಕ್ ಟ್ರಸ್ಟ್ ಸರ್ಕಾರದ ಸಂಸ್ಥೆ. 1957ರಲ್ಲಿ ಶುರುವಾಯಿತು. ಮಕ್ಕಳಿಗಾಗಿ 'ನೆಹರು ಬಾಲ ಪುಸ್ತಕಾಲಯ' ಮಾಲೆಯ ಪುಸ್ತಕಗಳನ್ನು ಕನ್ನಡದಲ್ಲೂ ತಂದಿದೆ. ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಯಿತು. ಅದರ ಪುಸ್ತಕಗಳಿಗೆ ನಾಲ್ಕು ಮಟ್ಟ ಇವೆ. ಹಿಂದಿನ ರಟ್ಟು ನೋಡಿ. 1 ಅಂತ ಇದ್ದರೆ ಆಗಷ್ಟೇ ಓದಲು ಶುರು ಮಾಡಿದವರಿಗೆ. 2 ಅಂದರೆ ಓದಲು ಕಲಿಯುತ್ತಿರುವವರಿಗೆ. 3 ಅಂದರೆ ತಾವೇ ಓದಬಲ್ಲವರಿಗೆ. 4 ಅಂದರೆ ಚೆನ್ನಾಗಿ ಓದಬಲ್ಲವರಿಗೆ. ತರಗತಿಯ ಲೆಕ್ಕ ಬೇರೆ, ಈ ಅಂಕಿಯ ಲೆಕ್ಕ ಬೇರೆ. ಮೂರನೇತ್ತದ ಮಗುವಿಗೆ 1ನೇ ಮಟ್ಟದ ಪುಸ್ತಕ ಹಿಡಿಸಿದರೆ ಅದನ್ನೇ ಕೊಡಿ. ನಾಚಿಕೆ ಏನಿಲ್ಲ.

ಇದೇ ಸಂಸ್ಥೆಯ 'ಸ್ಟೋರಿವೀವರ್' 2015ರಿಂದ ಇದೆ. ಮೊಬೈಲಿನಲ್ಲಿ ಕನ್ನಡದ ಚಿತ್ರಕಥೆಗಳನ್ನು ಪುಕ್ಕಟೆ ಓದಬಹುದು. ಒಳ್ಳೆಯದೇ. ಆದರೆ ಮನೆಯ ಒಂದೇ ಮೊಬೈಲು ಯಜಮಾನರ ಜೊತೆ ಕೆಲಸಕ್ಕೆ ಹೋಗುತ್ತದೆ. ಕಾಗದದ ಪುಸ್ತಕ ಮನೆಯಲ್ಲೇ ಇರುತ್ತದೆ.

ಆರಿಸುವುದು ಮಗು

ಅಮೆರಿಕ ದೇಶದಲ್ಲಿ ಫ್ಲೋರಿಡಾ ಎಂಬ ರಾಜ್ಯ ಇದೆ. ಅಲ್ಲಿಯ ಬಡ ಮಕ್ಕಳ ಓದು ಕೂಡ ಬೇಸಿಗೆ ಸೂಟಿಯಲ್ಲಿ ಹಿಂದೆ ಬೀಳುತ್ತಿತ್ತು. ಸಂಶೋಧಕರು ಒಂದು ಕೆಲಸ ಮಾಡಿದರು. ಸಣ್ಣ ತರಗತಿಯ ಮಕ್ಕಳಿಗೆ ಸೂಟಿಗೆ ಮುಂಚೆ ಪುಸ್ತಕಗಳನ್ನು ತೋರಿಸಿದರು. ಮಕ್ಕಳೇ ತಮಗೆ ಬೇಕಾದ 12 ಪುಸ್ತಕ ಆರಿಸಿ ಮನೆಗೆ ಒಯ್ದರು. ಹೀಗೆ ಸಾಲಾಗಿ ಮೂರು ಬೇಸಿಗೆ. ಯಾರೂ ಪಾಠ ಹೇಳಲಿಲ್ಲ. ಪುಸ್ತಕ ಸಿಕ್ಕ ಮಕ್ಕಳು ಸಿಗದ ಮಕ್ಕಳಿಗಿಂತ ಓದಿನಲ್ಲಿ ಮುಂದೆ ಬಂದರು. 2010ರಲ್ಲಿ ಇದರ ವರದಿ ಬಂತು.

ಆದ್ದರಿಂದ ಹೀಗೆ ಮಾಡಿ. ಬೆರಳಿನ ಲೆಕ್ಕ ಹಾಕಿ ನಾಲ್ಕು ಪುಸ್ತಕ ನೀವು ತೆಗೆದಿಡಿ. ಅದರಲ್ಲಿ ಯಾವುದು ಬೇಕು ಅಂತ ಮಗು ಹೇಳಲಿ. ಹುಡುಗ ಹೋದ ವಾರದ ಪುಸ್ತಕವನ್ನೇ ಮತ್ತೆ ಕೇಳಿದರೆ ಬೈಯಬೇಡಿ. ಹತ್ತನೇ ಸಲ ಓದುವಾಗ ಅವನು ತಡವರಿಸುವುದಿಲ್ಲ.

ಹೊತ್ತು ಯಾವುದು? ಮಧ್ಯಾಹ್ನ ಬಿಸಿಲು ಏರಿದಾಗ ಮಕ್ಕಳು ಹೇಗೂ ಒಳಗೆ ಇರುತ್ತಾರೆ. ಊಟವಾದ ಮೇಲೆ ಕಾಲು ಗಂಟೆ ಸಾಕು. ಒಂದು ಪುಟ ನೀವು, ಒಂದು ಪುಟ ಮಗು. ನೀವು ನಿಧಾನ ಓದಿದರೆ ಓದಿ. ತಪ್ಪಿದರೆ ತಪ್ಪಲಿ. ಅವ್ವ ಬೆರಳಿಟ್ಟು ಓದುವುದನ್ನು ಮಗು ನೋಡಲಿ.

ಪುಸ್ತಕ ಹರಿಯುತ್ತದೆ. ಗ್ರಂಥಾಲಯದವರು ಬೈದಾರು ಅಂತ ಹೆದರಿ ಎತ್ತಿಡಬೇಡಿ. ಸ್ವಲ್ಪ ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ ಅಂಟು ಮಾಡಿ. ಆರಿದ ಮೇಲೆ ಹರಿದ ಅಂಚಿಗೆ ತೆಳುವಾಗಿ ಹಚ್ಚಿ. ಮೇಲೆ ತೆಳ್ಳಗಿನ ಬಿಳಿ ಕಾಗದದ ಪಟ್ಟಿ ಇಡಿ. ಅಕ್ಷರ ಮುಚ್ಚದ ಹಾಗೆ ನೋಡಿಕೊಳ್ಳಿ. ಪೂರಾ ಒಣಗಿಸಿ, ಇಲ್ಲದಿದ್ದರೆ ಇರುವೆ ಬರುತ್ತವೆ. ಆಮೇಲೆ ಪುಸ್ತಕವನ್ನು ಒಂದು ರಾತ್ರಿ ಅಕ್ಕಿ ಡಬ್ಬಿಯ ಕೆಳಗೆ ಇಡಿ. ಬೆಳಿಗ್ಗೆ ಹಾಳೆ ನೆಟ್ಟಗಾಗಿರುತ್ತದೆ.