ಸುತ್ತುವರಿದ ರಾಜ್ಯಗಳೂ ಜನಸಮ್ಮತಿಯೂ: ರಾಯಚೂರು ಸೀಮೆ ಮತ್ತು ಬಸೂಟೋಲ್ಯಾಂಡ್

ಒಂದು ರಾಜ್ಯದ ಎಲ್ಲೆಯ ಸುತ್ತಲೂ ಮತ್ತೊಂದೇ ರಾಜ್ಯ ಹಬ್ಬಿಕೊಂಡಿದ್ದರೆ ಆ ಒಳಗಿನ ರಾಜ್ಯವು ಸ್ವತಂತ್ರವಾಗಿ ಉಳಿಯಬಲ್ಲುದೆ? ಭೂಗೋಳವನ್ನಷ್ಟೇ ನೋಡಿದರೆ ಉಳಿಯಲಾರದೆಂದು ಹೇಳಬೇಕಾಗುತ್ತದೆ. ಆದರೆ ಇತಿಹಾಸವು ಎರಡು ಬಗೆಯ ಉತ್ತರವನ್ನೂ ಕೊಟ್ಟಿದೆ. ಭಾರತದಿಂದ ಎಲ್ಲ ದಿಕ್ಕಿನಲ್ಲಿಯೂ ಸುತ್ತುವರಿಯಲ್ಪಟ್ಟಿದ್ದ ಹೈದರಾಬಾದು ಸಂಸ್ಥಾನವು 1948ರಲ್ಲಿ ಭಾರತದೊಳಗೆ ಸೇರಿಹೋಯಿತು. ದಕ್ಷಿಣ ಆಫ್ರಿಕದಿಂದ ಅದೇ ರೀತಿ ಸುತ್ತುವರಿಯಲ್ಪಟ್ಟಿದ್ದ ಬಸೂಟೋಲ್ಯಾಂಡ್ ಎಂಬ ಪುಟ್ಟ ಗುಡ್ಡನಾಡು 1966ರಲ್ಲಿ ಲೆಸೋಥೊ ಎಂಬ ಹೆಸರಿನಿಂದ ಸ್ವತಂತ್ರವಾಗಿ, ಇಂದಿಗೂ ಹಾಗೆಯೇ ಇದೆ. ಈ ಭೇದಕ್ಕೆ ಕಾರಣವೇನೆಂಬುದನ್ನು ಹೈದರಾಬಾದಿನ ಕನ್ನಡ ಭಾಗವಾಗಿದ್ದ ರಾಯಚೂರು, ದೇವದುರ್ಗ, ಮಾನ್ವಿಗಳ ನೆಲದ ಮೇಲೆ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಮಿಗೆ ರಾಯಚೂರು ದೋಆಬ್ ಎಂದು ಹೆಸರು. ವಿಜಯನಗರದ ಅರಸರೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರೂ ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ದೇವದುರ್ಗ ತಾಲ್ಲೂಕಿನ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ನಿಜಾಮರ ಕಾಲದಲ್ಲಿ ಅದರ ಆಚೆಯ ದಡವೂ ನಿಜಾಮರದೇ, ಗುಲಬರ್ಗಾ ಜಿಲ್ಲೆಗೆ ಸೇರಿದ್ದು. ಮಾನ್ವಿ ಸೀಮೆಯ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಾಳೆ. ಅದರ ಆಚೆಯ ದಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗೆ ಒಂದು ನದಿ ಕೇವಲ ಜಿಲ್ಲೆಯ ಗಡಿ, ಇನ್ನೊಂದು ನದಿ ಎರಡು ಪ್ರಭುತ್ವಗಳ ಗಡಿ. ಮಾನ್ವಿಯ ಕಡೆಯಿಂದ ಮಂತ್ರಾಲಯಕ್ಕೆ ಹೊರಟ ಯಾತ್ರಿಕನು ಹೊಳೆ ದಾಟಿದೊಡನೆ ಬೇರೊಂದು ಸರ್ಕಾರದ ನೆಲವನ್ನು ತುಳಿಯುತ್ತಿದ್ದನು. ಆಡುವ ಮಾತಾಗಲಿ, ಹಾಡುವ ದೇವರನಾಮವಾಗಲಿ ಅಲ್ಲಿ ಅವನಿಗೆ ಹೊಸದಾಗಿರಲಿಲ್ಲ.

ಈ ಗಡಿಗಳನ್ನು ಗೊತ್ತುಮಾಡಿದವರು ಯಾರು? 1853ರ ಕೌಲಿನಂತೆ ನಿಜಾಮನು ಹೈದರಾಬಾದು ಕಂಟಿಂಜೆಂಟ್ ಸೈನ್ಯದ ವೆಚ್ಚಕ್ಕಾಗಿ ಬೇರಾರ್ ಪ್ರಾಂತವನ್ನೂ ರಾಯಚೂರು ದೋಆಬನ್ನೂ ಧಾರಾಶಿವ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. 1857ರ ದಂಗೆಯಲ್ಲಿ ನಿಜಾಮನು ಆಂಗ್ಲರ ಪಕ್ಷ ವಹಿಸಿದ್ದರ ಫಲವಾಗಿ 1860ರ ಇನ್ನೊಂದು ಕೌಲಿನಲ್ಲಿ ದೋಆಬ್ ಅವನಿಗೆ ಹಿಂದಿರುಗಿತು. ಏಳು ವರ್ಷಗಳಲ್ಲಿ ಈ ಜನ ಎರಡು ಸಲ ಒಡೆಯರನ್ನು ಬದಲಿಸಿದರು. ಸಾಲದ ಲೆಕ್ಕಕ್ಕೆ ಒಮ್ಮೆ, ಬಹುಮಾನವಾಗಿ ಒಮ್ಮೆ. ಎರಡು ಸಲವೂ ಇಲ್ಲಿಯ ರೈತನನ್ನು ಕೇಳಿದವರಿಲ್ಲ.

ಇದೇ ಕಾಲದಲ್ಲಿ ಆಫ್ರಿಕದ ದಕ್ಷಿಣದಲ್ಲಿ ನಡೆದುದು ಬೇರೆ ಬಗೆಯದು. ಬಸೂಟೋ ಜನರನ್ನು ಒಗ್ಗೂಡಿಸಿದ್ದ ಮೊಶೋಶೋ ಎಂಬ ದೊರೆಯು ಆರೆಂಜ್ ಫ್ರೀ ಸ್ಟೇಟಿನ ಬೋಯರರಿಗೆ ತನ್ನ ಫಲವತ್ತಾದ ಹೊಲಗಳನ್ನು ಕಳೆದುಕೊಳ್ಳುತ್ತ ಬಂದು, ಉಳಿದುದನ್ನಾದರೂ ಕಾಪಾಡಿಕೊಳ್ಳಲು ಬ್ರಿಟಿಷ್ ರಕ್ಷಣೆಯನ್ನು ತಾನೇ ಬೇಡಿ 1868ರಲ್ಲಿ ಪಡೆದನು. 1871ರಲ್ಲಿ ಆ ನಾಡನ್ನು ಕೇಪ್ ವಸಾಹತಿಗೆ ಸೇರಿಸಲಾಯಿತು. ಕೇಪ್ ಸರ್ಕಾರವು ಬಸೂಟೋಗಳ ಬಂದೂಕುಗಳನ್ನು ಕಿತ್ತುಕೊಳ್ಳಹೊರಟಾಗ 1880ರಲ್ಲಿ ಅವರು ಆಯುಧ ಹಿಡಿದು ನಿಂತರು. ಕಡೆಗೆ 1884ರಲ್ಲಿ ಆ ನಾಡು ನೇರವಾಗಿ ಬ್ರಿಟಿಷ್ ಸರ್ಕಾರದ ಅಧೀನಕ್ಕೆ ಮರಳಿತು. ಇಲ್ಲಿಯೂ ಕೌಲುಗಳೇ ಗಡಿಯನ್ನು ಬರೆದವು. ಆದರೆ ಆ ಕೌಲಿನ ಹಿಂದೆ, ಇದು ನಮ್ಮ ನಾಡು ಎಂದು ಭಾವಿಸಿದ ಜನಸಮುದಾಯವೊಂದು ಇತ್ತು.

ನಿಜಾಮರ ಪ್ರಭುತ್ವಕ್ಕೆ ರಾಜ್ಯವೆನಿಸಲು ಬೇಕಾದ ಹೊರಲಕ್ಷಣಗಳ ಕೊರತೆಯಿರಲಿಲ್ಲ. ಅದಕ್ಕೆ ತನ್ನದೇ ಸೈನ್ಯ, ತನ್ನದೇ ಅಂಚೆ, ತನ್ನದೇ ಸುಂಕ, ತನ್ನದೇ ನಾಣ್ಯ ಇದ್ದವು. ಹಾಲಿ ಸಿಕ್ಕ ಎಂಬ ಆ ನಾಣ್ಯದ 7 ರೂಪಾಯಿ ಹೊರಗಿನ ಕಲ್ದಾರ್ 6 ರೂಪಾಯಿಗೆ ಸಮನಾಗಿತ್ತು. ಆಡಳಿತದ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಆದರೆ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಜನ ಮನೆಯಲ್ಲಿ ಆಡುವ ಮಾತಿಗೂ ಕಚೇರಿಯ ಮಾತಿಗೂ ನಡುವೆ ಈ ಅಂತರ ಉಳಿದಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಯಚೂರಿನ ಜನಕ್ಕೆ ಉರ್ದು ಪರಕೀಯವಾಗಿತ್ತೆಂದು ಯಾರೂ ಭಾವಿಸಬಾರದು. ಈ ಊರಿನ ಸಂತೆಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೂಡಿ ನಡೆದಿವೆ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಭಾವನೆಯ ಶಾಲೆಗೆ ಹಮ್‌ದರ್ದ್ ಎಂಬ ಹೆಸರಿದ್ದುದು ಇದಕ್ಕೆ ನಿದರ್ಶನ. ಜನರ ತಕರಾರು ಉರ್ದು ಭಾಷೆಯ ಮೇಲಿರಲಿಲ್ಲ. ತಮ್ಮ ಮಾತಿಗೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಸ್ಥಾನವಿಲ್ಲವೆಂಬುದರ ಮೇಲಿತ್ತು.

ಆ ಮಾತಿನ ಬೇರು ಆಳವಾದದ್ದು. ದಾಸಸಾಹಿತ್ಯದ ಹದಿನೆಂಟನೆಯ ಶತಮಾನದ ಪ್ರವಾಹ ಹರಿದದ್ದು ಈ ನೆಲದಲ್ಲಿಯೇ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯ ಸಮೀಪದ ಬ್ಯಾಗವಾಟದವರು. ಅವರ ಕೀರ್ತನೆಗಳಿಗೆ ತುಂಗಭದ್ರೆಯ ಎರಡು ದಡಗಳೂ ಒಂದೇ ಆಗಿದ್ದವು. ಆಧುನಿಕ ಕಾಲದಲ್ಲಿ ಈ ಸಂಬಂಧ ಸಭೆಯ ರೂಪವನ್ನು ತಾಳಿತು. 1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸೇರಿತು. ಒಬ್ಬರು ಮೈಸೂರು ಸಂಸ್ಥಾನದವರು, ಇನ್ನೊಬ್ಬರು ಮದರಾಸು ಪ್ರಾಂತದ ದಕ್ಷಿಣ ಕನ್ನಡದವರು. ಇಬ್ಬರೂ ನಿಜಾಮರ ನೆಲದಲ್ಲಿ ಕನ್ನಡದ ಸಭೆಯ ಪೀಠದಲ್ಲಿ ಕುಳಿತರು. ಮೂರು ಪ್ರಭುತ್ವಗಳ ಜನ ತಮ್ಮನ್ನು ಒಂದೇ ಜನವೆಂದು ಕಂಡುಕೊಂಡ ಪ್ರಸಂಗಗಳಿವು.

1947ರಲ್ಲಿ ಬ್ರಿಟಿಷರ ಪರಮಾಧಿಪತ್ಯ ಕೊನೆಗೊಳ್ಳುವುದೆಂದು ತಿಳಿದಾಗ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಆ ವರ್ಷದ ಜೂನ್ ತಿಂಗಳ ಫರ್ಮಾನಿನಲ್ಲಿ ತಾವು ಸ್ವತಂತ್ರರಾಗುವುದಾಗಿ ಸಾರಿದರು. ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. 1948ರ ಆರಂಭದಲ್ಲಿ ಕೆ. ಎಂ. ಮುನ್ಷಿಯವರು ಭಾರತದ ಪ್ರತಿನಿಧಿಯಾಗಿ ಹೈದರಾಬಾದಿಗೆ ಬಂದರು. ಒಪ್ಪಂದ ಮುರಿಯುತ್ತಿರುವುದಾಗಿ ಎರಡು ಪಕ್ಷಗಳೂ ದೂರಿಕೊಂಡವು. ಒಳಗೆ ರಜಾಕಾರರ ಹಾವಳಿ ಹೆಚ್ಚಿತು. ಹೊರಗಿನಿಂದ ಸರಕು ತಡೆಯಲಾಗುತ್ತಿದೆಯೆಂದು ಹೈದರಾಬಾದು ಸರ್ಕಾರ ಆಕ್ಷೇಪಿಸಿತು. ಗಡಿಯಾಚೆ ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವು ಸಂಸ್ಥಾನದೊಳಗಿನ ಚಳವಳಿಗೆ ನೆಲೆಯಾಯಿತು.

1948ರ ಆಗಸ್ಟ್ 21ರಂದು ಹೈದರಾಬಾದು ಸರ್ಕಾರವು ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ದೂರು ಸಲ್ಲಿಸಿತು. ಹೈದರಾಬಾದು ಸ್ವತಂತ್ರ ರಾಜ್ಯವಲ್ಲವಾದುದರಿಂದ ದೂರು ಕೊಡುವ ಅಧಿಕಾರವೇ ಅದಕ್ಕಿಲ್ಲವೆಂದು ಭಾರತ ವಾದಿಸಿತು. ಈ ವಾದದ ಮುಂದೆ ಎರಡೇ ವರ್ಷ ಹಿಂದಿನ ಇನ್ನೊಂದು ವಾದವನ್ನು ಇಟ್ಟು ನೋಡಬೇಕು. 1946ರಲ್ಲಿ ದಕ್ಷಿಣ ಆಫ್ರಿಕವು ಅಲ್ಲಿಯ ಭಾರತೀಯರ ಭೂಸ್ವಾಮ್ಯವನ್ನು ನಿರ್ಬಂಧಿಸುವ ಕಾನೂನು ಮಾಡಿದಾಗ ಭಾರತವೇ ವಿಶ್ವಸಂಸ್ಥೆಯ ಮೊರೆಹೊಕ್ಕಿತ್ತು. ಇದು ತನ್ನ ಒಳಾಡಳಿತದ ವಿಷಯ, ಸನ್ನದಿನ ಎರಡನೆಯ ವಿಧಿಯ ಏಳನೆಯ ಖಂಡದಂತೆ ವಿಶ್ವಸಂಸ್ಥೆ ಇದರಲ್ಲಿ ಕೈಹಾಕಕೂಡದು ಎಂದು ಜನರಲ್ ಸ್ಮಟ್ಸರು ವಾದಿಸಿದರು. ಉಭಯ ಸರ್ಕಾರಗಳ ನಡುವೆ 1927ರ ಕೇಪ್‌ಟೌನ್ ಒಪ್ಪಂದ ಇರುವುದರಿಂದ ಇದು ಅಂತರರಾಷ್ಟ್ರೀಯ ವಿಷಯವೆಂದು ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ಭಾರತ ನಿಯೋಗ ಉತ್ತರಿಸಿತು. ಆ ವರ್ಷದ ಡಿಸೆಂಬರ್ 8ರಂದು ಸಾಮಾನ್ಯ ಸಭೆಯು 32ಕ್ಕೆ 15 ಮತಗಳಿಂದ ಭಾರತದ ಪಕ್ಷಕ್ಕೆ ಒಲಿಯಿತು. 1948ರಲ್ಲಿ ಹೈದರಾಬಾದು ಯಥಾಸ್ಥಿತಿ ಒಪ್ಪಂದವನ್ನು ಮುಂದೊಡ್ಡಿದಾಗ ಭಾರತವು ಒಳಾಡಳಿತದ ಪಕ್ಷದಲ್ಲಿ ನಿಂತಿತ್ತು.

ಇದರಲ್ಲಿ ವಿರೋಧವಿಲ್ಲವೆ? ಕೇವಲ ಒಪ್ಪಂದದ ಅಕ್ಷರವನ್ನು ಹಿಡಿದರೆ ವಿರೋಧವಿದೆಯೆಂದೇ ಒಪ್ಪಬೇಕು. ಆದರೆ ದೂರು ಯಾರದು ಎಂದು ಕೇಳಿದರೆ ಭೇದ ಕಾಣುತ್ತದೆ. ದಕ್ಷಿಣ ಆಫ್ರಿಕದ ದೂರು ಮತಾಧಿಕಾರವಿಲ್ಲದ ಜನರದು; ತಮ್ಮನ್ನಾಳುವ ಸರ್ಕಾರದ ಮೇಲೆ ಅವರೇ ಎತ್ತಿದ ಕೂಗನ್ನು ಭಾರತ ಹೊತ್ತು ತಂದಿತು. ಹೈದರಾಬಾದಿನ ದೂರು ಜವಾಬ್ದಾರಿ ಸರ್ಕಾರವಿಲ್ಲದ ಸಂಸ್ಥಾನದ ಅರಸನ ಹೆಸರಿನದು. ಅದರ ಹಿಂದೆ ರಾಯಚೂರಿನ ಅಥವಾ ಮಾನ್ವಿಯ ಬಹುಜನರ ಸಮ್ಮತಿ ಇತ್ತೆಂದು ಹೇಳುವಂತಿಲ್ಲ. ಈ ಭೇದವನ್ನು ಸನ್ನದು ಮಾಡಿಲ್ಲ. ನಾವು ಮಾಡುತ್ತಿದ್ದೇವೆ ಎಂಬುದು ವಾಚಕರ ಗಮನದಲ್ಲಿರಲಿ.

ಜನಸಮ್ಮತಿಯ ಮಾತನ್ನು ಆಡುವವರು ಅದರ ಕೊರತೆಗಳನ್ನೂ ಹೇಳಬೇಕು. ಮಾತುಕತೆಗಳಲ್ಲಿ ಜನಮತಗಣನೆಯ ಪ್ರಸ್ತಾಪ ಬಂದಿತ್ತು, ಅದು ನಡೆಯಲಿಲ್ಲ. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯೇ ಪ್ರಶ್ನೆಯನ್ನು ತೀರ್ಮಾನಿಸಿತು. 22ರಂದು ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಬಳಿಕ ಸಂಸ್ಥಾನದ ಹಲವೆಡೆ ಮುಸಲ್ಮಾನರ ಮೇಲೆ ಭೀಕರ ಹಿಂಸೆ ನಡೆಯಿತು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿ, ಅತಿಹೆಚ್ಚು ಪೀಡಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರುಗಳನ್ನು ಎಣಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ರಜಾಕಾರರ ಕಾಲದ ದುಃಖವನ್ನು ನೆನೆಯುವ ನಾವು ಇದನ್ನು ಮರೆತರೆ ನಮ್ಮ ಇತಿಹಾಸ ಅರ್ಧವಾಗುತ್ತದೆ. ಇಲ್ಲಿಯ ಸರ್ವಜನರೂ ಪ್ರಾಪ್ತವಯಸ್ಕ ಮತಾಧಿಕಾರದಿಂದ ತಮ್ಮ ಸರ್ಕಾರವನ್ನು ಆರಿಸಿದ್ದು ಮೊದಲ ಸಲ 1952ರ ಚುನಾವಣೆಯಲ್ಲಿ. ಸಮ್ಮತಿಯು ವಿಲೀನದ ಮುಂಚೆ ಬರಲಿಲ್ಲ, ಅನಂತರ ಬಂತು.

ಈಗ ಬಸೂಟೋಲ್ಯಾಂಡಿಗೆ ಮರಳೋಣ. 1909ರ ದಕ್ಷಿಣ ಆಫ್ರಿಕ ಅಧಿನಿಯಮವು ಬಸೂಟೋಲ್ಯಾಂಡ್, ಬೆಚುವಾನಾಲ್ಯಾಂಡ್, ಸ್ವಾಜಿಲ್ಯಾಂಡ್‌ಗಳನ್ನು ಮುಂದೆ ಯೂನಿಯನ್ನಿಗೆ ಸೇರಿಸಲು ಅವಕಾಶವಿಟ್ಟಿತ್ತು. ಯೂನಿಯನ್ ಸರ್ಕಾರ ದಶಕಗಳ ಕಾಲ ಕೇಳಿತು. ಅಲ್ಲಿಯ ಜನ ಒಪ್ಪಲಿಲ್ಲ. ವರ್ಣಭೇದ ನೀತಿ ಬಲಿತಷ್ಟೂ ಅವರ ನಿರಾಕರಣೆ ಬಲಿಯಿತು. ಕಡೆಗೆ ಮೊದಲಿನ ಎರಡು 1966ರಲ್ಲಿಯೂ ಮೂರನೆಯದು 1968ರಲ್ಲಿಯೂ ಸ್ವತಂತ್ರವಾದವು. ಇದಕ್ಕೆ ವಿರುದ್ಧವಾದ ನಿದರ್ಶನ ಟ್ರಾನ್ಸ್‌ಕೈ. ದಕ್ಷಿಣ ಆಫ್ರಿಕ ಸರ್ಕಾರವು 1976ರ ಅಕ್ಟೋಬರ್ 26ರಂದು ಅದನ್ನು ಸ್ವತಂತ್ರವೆಂದು ಸಾರಿ ಕರಿಯರ ಪೌರತ್ವವನ್ನು ಕಿತ್ತುಕೊಳ್ಳಲು ಸಾಧನ ಮಾಡಿಕೊಂಡಿತು. ಅದಕ್ಕೆ ಧ್ವಜವಿತ್ತು, ಮಂತ್ರಿಮಂಡಲವಿತ್ತು. ಸಾಮಾನ್ಯ ಸಭೆ ಅದೇ ದಿನ ಅದನ್ನು ತಿರಸ್ಕರಿಸಿತು. 1994ರಲ್ಲಿ ಅದು ಇಲ್ಲವಾಯಿತು.

ಜನಸಮ್ಮತಿಯಿಂದ ಗಡಿಯ ಪ್ರಶ್ನೆಯೆಲ್ಲ ಬಗೆಹರಿಯುವುದೆಂದೂ ತಿಳಿಯಬಾರದು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮೂರು ಭಾಷೆಗಳನ್ನು ಬೆರೆಸಿ ಬಾಳಿದ ಸೀಮೆಯಲ್ಲಿ ಒಂದು ಭಾಷೆಯ ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಆಚೆಗೆ, ಕೆಲವರು ಈಚೆಗೆ ಉಳಿಯುತ್ತಾರೆ.

ಸ್ವಾತಂತ್ರ್ಯವಾಗಲಿ ವಿಲೀನವಾಗಲಿ ಅನ್ನ ನೀರುಗಳ ಪ್ರಶ್ನೆಯನ್ನು ತಾನಾಗಿ ಬಗೆಹರಿಸುವುದೂ ಇಲ್ಲ. ಲೆಸೋಥೊ ಸ್ವತಂತ್ರವಾದರೂ ಅದರ ಗಂಡಸರು ದಕ್ಷಿಣ ಆಫ್ರಿಕದ ಗಣಿಗಳಿಗೆ ದುಡಿಯಲು ಹೋದರು. ಅದರ ನಾಣ್ಯ ಇಂದಿಗೂ ನೆರೆಯ ರಾಂಡಿಗೆ ಕಟ್ಟಿಕೊಂಡಿದೆ. 1986ರ ಜನವರಿಯಲ್ಲಿ ದಕ್ಷಿಣ ಆಫ್ರಿಕ ಗಡಿಯನ್ನು ಮುಚ್ಚಿದಾಗ ಅಲ್ಲಿಯ ಸರ್ಕಾರವೇ ಉರುಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ತನ್ನ ಮಲೆಗಳ ನೀರನ್ನು ನೆರೆಯವರಿಗೆ ಮಾರುವ ಒಪ್ಪಂದಕ್ಕೆ ಹೊಸ ಸರ್ಕಾರ ಸಹಿ ಮಾಡಿತು. ನಮ್ಮಲ್ಲಿ ತುಂಗಭದ್ರಾ ಅಣೆಕಟ್ಟು 1944ರಲ್ಲಿ ಮದರಾಸಿಗೂ ಹೈದರಾಬಾದಿಗೂ ಆದ ಒಪ್ಪಂದದ ಫಲ. ಒಪ್ಪಂದ ಮಾಡಿಕೊಂಡ ಎರಡು ಪ್ರಭುತ್ವಗಳೂ ಇಂದು ಇಲ್ಲ. ಎಡದಂಡೆ ಕಾಲುವೆ ಮಾನ್ವಿಯ ಹೊಲಗಳಲ್ಲಿ ಹರಿಯುತ್ತಿದೆ.

ಆದರೂ 2002ರಲ್ಲಿ ನಂಜುಂಡಪ್ಪ ಸಮಿತಿಯು ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ದೇವದುರ್ಗವೂ ಮಾನ್ವಿಯೂ ಅದರಲ್ಲಿದ್ದವು. ಏಕೀಕರಣವಾಗಿ ಅರ್ಧ ಶತಮಾನ ಸಮೀಪಿಸುತ್ತಿದ್ದ ಕಾಲ ಅದು. ನಾವು ಒಂದೇ ಜನವೆಂದು ಹೇಳಿಕೊಂಡು ಸೇರಿದವರಿಗೆ ಅದರ ಪಾಲು ಸಮನಾಗಿ ಬಂದಿರಲಿಲ್ಲ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371ಜೆ ವಿಧಿಯು ಈ ಭಾಗಕ್ಕೆ ವಿದ್ಯೆ, ಉದ್ಯೋಗಗಳಲ್ಲಿ ವಿಶೇಷ ಅವಕಾಶ ಕಲ್ಪಿಸಿದ್ದು ಆ ಕೊರತೆಯ ಅಂಗೀಕಾರವೇ ಸರಿ.

ಇಷ್ಟರಿಂದ ನಾವು ತಲಪುವ ನಿರ್ಣಯ ಇದು. ಸುತ್ತುವರಿದ ರಾಜ್ಯವೊಂದು ಉಳಿಯುವುದಕ್ಕೂ ಅಳಿಯುವುದಕ್ಕೂ ನಕ್ಷೆಯೊಂದೇ ಕಾರಣವಲ್ಲ. ಸೈನ್ಯಬಲಕ್ಕೆ ಅದರ ಪಾತ್ರವಿದೆ, ಅನ್ಯರಾಷ್ಟ್ರಗಳ ಮನ್ನಣೆಗೆ ಅದರ ಪಾತ್ರವಿದೆ. ಆದರೆ ಬಹುಕಾಲ ನಿಲ್ಲುವುದು ಜನರು ತಮ್ಮದೆಂದು ಒಪ್ಪಿದ ರಾಜ್ಯ. ಬಸೂಟೋಗಳು ಆ ಒಪ್ಪಿಗೆಯನ್ನು ತಮ್ಮ ನಾಡಿಗೆ ಕೊಟ್ಟರು; ಟ್ರಾನ್ಸ್‌ಕೈಗೆ ಅದು ದೊರೆಯಲಿಲ್ಲ; ರಾಯಚೂರಿನ ಕನ್ನಡಿಗರು ಅದನ್ನು ಹೊಳೆಯಾಚೆಯ ತಮ್ಮವರಿಗೆ ಕೊಟ್ಟರು. ಕೊಟ್ಟ ಒಪ್ಪಿಗೆಯನ್ನು ಪ್ರತಿ ತಲೆಮಾರಿನಲ್ಲಿಯೂ ನ್ಯಾಯದಿಂದ ಉಳಿಸಿಕೊಳ್ಳಬೇಕಾದ ಹೊಣೆ ಅದನ್ನು ಪಡೆದ ರಾಜ್ಯದ್ದು. ದೇವದುರ್ಗದ ಶಾಲೆಯೂ ಮಾನ್ವಿಯ ಕಾಲುವೆಯೂ ಆ ಹೊಣೆಯ ಅಳತೆಗೋಲುಗಳಾಗಿವೆ.