ಗೊಂಬೆಯಾದ ಘೋರರೂಪ

ನಮ್ಮ ಮನೆಯ ಪುಸ್ತಕದ ಬೀರುವಿನ ಮೇಲೆ ಕಳೆದ ಎರಡು ತಿಂಗಳಿಂದ ಒಂದು ವಿವಾದ ಕುಳಿತಿದೆ. ಅದರ ಎತ್ತರ ಒಂದು ಗೇಣು. ಬೆನ್ನ ಉದ್ದಕ್ಕೂ ಎಲೆಯಾಕಾರದ ಮುಳ್ಳುಗಳು. ನೆಲಕ್ಕೆ ಊರಿದ ದಪ್ಪ ಬಾಲ. ಟೋಕಿಯೋದಿಂದ ಮರಳಿದ ನನ್ನ ಸಹಪಾಠಿಯೊಬ್ಬ ನನ್ನ ಆರು ವರ್ಷದ ಮಗನಿಗೆಂದು ತಂದಿತ್ತ ಈ ಗೊಂಬೆಯ ಹೆಸರು ಗೋಜಿರಾ. ಜಗತ್ತು ಅದನ್ನು ಗಾಡ್ಜಿಲಾ ಎಂದು ಬಲ್ಲದು. ಕೊಡುವಾಗ ಮಿತ್ರ ಒಂದು ಮಾತು ಸೇರಿಸಿದ: “ಪೊಟ್ಟಣ ಮಾತ್ರ ಒಡೆಯಬೇಡ ಕಣಯ್ಯ. ಹೀಗೇ ಇಟ್ಟರೆ ಮುಂದೆ ಒಳ್ಳೆಯ ಬೆಲೆ ಬರುತ್ತದೆ.”

ಆಡಲಾಗದ ಗೊಂಬೆ ಏತಕ್ಕೆ ಎಂಬುದು ಮಗನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಹೊರಟ ನನಗೆ ಗೊಂಬೆಯ ಹಿಂದಿನ ಕಥೆ ಎದುರಾಯಿತು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಒಂದು ಜಲಜನಕ ಬಾಂಬನ್ನು ಸಿಡಿಸಿತು. ಅದರ ಶಕ್ತಿ 15 ಮೆಗಾಟನ್. ಹಿರೋಶಿಮಾದ ಮೇಲೆ ಬಿದ್ದುದರ ಸುಮಾರು ಸಾವಿರ ಪಟ್ಟು. ಆ ಹೊತ್ತಿಗೆ ಟ್ಯೂನಾ ಮೀನು ಹಿಡಿಯುತ್ತಿದ್ದ ಜಪಾನಿನ ಮರದ ಹಡಗೊಂದರ ಮೇಲೆ ಬಿಳಿಯ ಬೂದಿ ಮಳೆಯಂತೆ ಸುರಿಯಿತು. ಹಡಗಿನ ಹೆಸರು ‘ಅದೃಷ್ಟದ ಡ್ರ್ಯಾಗನ್’, ಕ್ರಮಸಂಖ್ಯೆ 5. ವಿಧಿಯ ವ್ಯಂಗ್ಯಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕೆ? ಅದರಲ್ಲಿದ್ದ 23 ಮಂದಿಯೂ ವಿಕಿರಣದಿಂದ ಕಾಯಿಲೆ ಬಿದ್ದರು. ಹಡಗಿನ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಆರು ವಾರ ತುಂಬುವ ಮುನ್ನವೇ, ನವೆಂಬರ್ 3ರಂದು, ‘ಗೋಜಿರಾ’ ಚಲನಚಿತ್ರ ಜಪಾನಿನಾದ್ಯಂತ ತೆರೆಕಂಡಿತು. ಅದರ ಮೊದಲ ದೃಶ್ಯವೇ ಕಡಲಿನ ನಡುವೆ ಕಣ್ಣು ಕುಕ್ಕುವ ಬೆಳಕು ಚಿಮ್ಮಿ ಹಡಗೊಂದು ಹೊತ್ತಿ ಉರಿಯುವುದು. ನೋಡಿದವರಿಗೆ ವಿವರಣೆ ಬೇಕಿರಲಿಲ್ಲ.

ನಿರ್ದೇಶಕ ಇಶಿರೋ ಹೋಂಡಾ ಸೈನ್ಯದಲ್ಲಿದ್ದವರು. ಯುದ್ಧಾನಂತರ ಊರಿಗೆ ಮರಳುವಾಗ ಹಿರೋಶಿಮಾದ ಹಾಳನ್ನು ಕಣ್ಣಾರೆ ಕಂಡವರು. ಚಮತ್ಕಾರ ದೃಶ್ಯಗಳ ಹೊಣೆ ಹೊತ್ತವರು ಐಜಿ ತ್ಸುಬುರಾಯಾ. ಕಥೆಯಲ್ಲಿ 50 ಮೀಟರ್ ಎತ್ತರದ ಈ ಮೃಗದ ವೇಷದೊಳಗೆ ಇದ್ದವರಲ್ಲಿ ಪ್ರಮುಖರು ನಟ ಹರುವೋ ನಕಾಜಿಮಾ. ವೇಷದ ತೂಕವೇ ಸುಮಾರು 100 ಕಿಲೋಗ್ರಾಂ! ಅವರ ಕಾಲಡಿಯಲ್ಲಿ ಪುಡಿಯಾಗುತ್ತಿದ್ದ ಟೋಕಿಯೋ ನಗರ ನಿಜದ 25ರಲ್ಲಿ ಒಂದು ಪಾಲು. ಅಂದರೆ ಆ ಪ್ರಳಯವೆಲ್ಲ ನಡೆದುದು ಆಟಿಕೆಯ ಕಟ್ಟಡಗಳ ಬೀದಿಯಲ್ಲಿ. ಗೊಂಬೆಯಾಟವಾಗಿಯೇ ಹುಟ್ಟಿದ ಮೃಗ ಕೊನೆಗೆ ಗೊಂಬೆಯಾಗಿ ಮಕ್ಕಳ ಕೈಸೇರಿದುದರಲ್ಲಿ ಆಶ್ಚರ್ಯವೇನಿದೆ?

ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು. 1966ರಲ್ಲಿ ಮಾರುಸಾನ್ ಎಂಬ ಸಂಸ್ಥೆ ಮೆದು ವಿನೈಲಿನಲ್ಲಿ ಗೋಜಿರಾನನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಜಪಾನೀಯರು ಇಂಥ ಗೊಂಬೆಗಳನ್ನು ‘ಸೊಫುಬಿ’ ಎನ್ನುತ್ತಾರೆ. ಇದರ ತಯಾರಿಕೆ ಸ್ವಾರಸ್ಯಕರವಾದುದು. ಲೋಹದ ಅಚ್ಚಿಗೆ ದ್ರವರೂಪದ ವಿನೈಲನ್ನು ಹೊಯ್ದು ಬಿಸಿ ಮಾಡುತ್ತಾರೆ. ಅಚ್ಚಿನ ಗೋಡೆಗೆ ಒಂದು ಪದರ ಹತ್ತಿಕೊಂಡೊಡನೆ ಉಳಿದ ದ್ರವವನ್ನು ಹೊರಚೆಲ್ಲುತ್ತಾರೆ. ಇನ್ನೂ ಬಿಸಿ ಆರದೆ ಮೆತ್ತಗಿರುವಾಗಲೇ ಇಕ್ಕಳದಿಂದ ಹಿಡಿದು ಅಚ್ಚಿನ ಕಿರಿದಾದ ಬಾಯಿಯ ಮೂಲಕ ಎಳೆದು ತೆಗೆಯುತ್ತಾರೆ. ತಲೆ, ಕೈ, ಕಾಲು, ಬಾಲ ಎಲ್ಲವೂ ಬೇರೆಬೇರೆ. ಬಳಿಕ ಜೋಡಣೆ, ಬಣ್ಣದ ಸಿಂಪಡಣೆ. ಒಳಗೆ ಟೊಳ್ಳು, ಹೊರಗೆ ಭೀಕರ!

ಆದರೆ ಆ ಮೊದಲ ಗೊಂಬೆಗಳ ಮುಖದಲ್ಲಿ ಭೀಕರತೆಗಿಂತ ಮುದ್ದೇ ಹೆಚ್ಚು. ಮಕ್ಕಳು ಅವನ್ನು ಸ್ನಾನದ ಮನೆಗೂ ಮಣ್ಣಿಗೂ ಒಯ್ದರು; ಕೈಕಾಲು ಕಳೆದರು. ಪೊಟ್ಟಣದ ತಲೆಗೆ ಪಿನ್ನು ಹೊಡೆದು ಸೇರಿಸಿದ್ದ ಚಿತ್ರದ ಚೀಟಿಯನ್ನಂತೂ ಮೊದಲು ಹರಿದೆಸೆದರು. ಇಂದು ಸಂಗ್ರಾಹಕರು ಹಂಬಲಿಸುವುದು ಆ ಚೀಟಿಗಾಗಿಯೇ. ಮಾರುಸಾನ್ 1968ರಲ್ಲಿ ದಿವಾಳಿಯೆದ್ದಿತು. ಅಲ್ಲಿದ್ದವರೇ ಕಟ್ಟಿದ ಬುಲ್‌ಮಾರ್ಕ್ ಸಂಸ್ಥೆಯೂ 1977ರಲ್ಲಿ ಮುಚ್ಚಿತು. ಮುಂದೆ ಈ ಪರಂಪರೆಯನ್ನು ಮುಂದುವರಿಸಿದುದು ಬಂದೈ. ಗೊಂಬೆಯ ಅಂಗಾಲನ್ನು ತಿರುವಿ, ಅಲ್ಲಿ ಒತ್ತಿರುವ ಹೆಸರನ್ನು ಓದಿ, ನಾಣ್ಯಶಾಸ್ತ್ರಜ್ಞನಂತೆ ಕಾಲನಿರ್ಣಯ ಮಾಡುವವರಿದ್ದಾರೆ.

ವಾಹನಗಳ ವ್ಯಾಮೋಹ ಇನ್ನೊಂದು ಬಗೆಯದು. 1963ರ ಚಿತ್ರವೊಂದರಲ್ಲಿ ಬರುವ ಗೋತೆನ್‌ಗೊ ಮೂತಿಯಲ್ಲಿ ಭೈರಿಗೆಯನ್ನು ಹೊತ್ತ ನೌಕೆ. ಹಾರುತ್ತದೆ, ಮುಳುಗುತ್ತದೆ, ನೆಲವನ್ನೂ ಕೊರೆಯುತ್ತದೆ. 1966ರ ಇನ್ನೊಂದು ಚಿತ್ರದಲ್ಲಿ ದೊಡ್ಡ ತಟ್ಟೆಯಂಥ ಬಾಯಿಯಿಂದ ಮಿಂಚನ್ನು ಕಾರುವ ಮೇಸರ್ ಫಿರಂಗಿಗಾಡಿ ಬರುತ್ತದೆ. ಇವುಗಳ ಪುಟ್ಟ ಪ್ರತಿರೂಪಗಳನ್ನು ಮೃಗಗಳ ಎದುರು ಸಾಲಾಗಿ ನಿಲ್ಲಿಸಿದಾಗಲೇ ಸಂಗ್ರಹ ಪೂರ್ಣವಾಯಿತೆಂಬ ತೃಪ್ತಿ. ಭಯವೊಂದಿದ್ದರೆ ಅದಕ್ಕೊಂದು ಪ್ರತಿಕಾರವೂ ಇರಬೇಕೆಂಬ ಆಸೆ ಮನುಷ್ಯನಿಗೆ ಸಹಜವಷ್ಟೆ.

ತನ್ನ ಮೇಲೆ ಬಿದ್ದ ಬೆಂಕಿಯನ್ನು ಒಂದು ಜನಾಂಗ ಮಕ್ಕಳ ಆಟಿಕೆಯಾಗಿ ಮಾಡಿಕೊಂಡಿತಲ್ಲ, ಇದು ಮರೆವೋ, ನೆನಪೋ? ನನಗೆ ಎರಡೂ ಎನಿಸುತ್ತದೆ. ಆಡುವ ಮಗುವಿಗೆ ಬಿಕಿನಿ ಗೊತ್ತಿಲ್ಲ. ಆದರೆ ಗೊಂಬೆ ಮನೆಯಲ್ಲಿದ್ದರೆ ಎಂದಾದರೊಂದು ದಿನ ಅದು ಕೇಳಿಯೇ ಕೇಳುತ್ತದೆ. ಆ ಹಡಗನ್ನು ಇಂದಿಗೂ ಟೋಕಿಯೋದ ಯುಮೆನೊಶಿಮಾದಲ್ಲಿ ಕಾಪಾಡಿ ಇಟ್ಟಿದ್ದಾರೆ. ಕೇಳಿದ ಮಗುವಿಗೆ ತೋರಿಸಬಹುದು. 2024ರಲ್ಲಿ ‘ಗಾಡ್ಜಿಲಾ ಮೈನಸ್ ಒನ್’ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ನಿರ್ದೇಶಕ ತಕಾಶಿ ಯಮಜಾಕಿ ಮತ್ತು ಸಂಗಡಿಗರು ಕೈಯಲ್ಲಿ ಗೋಜಿರಾ ಗೊಂಬೆಗಳನ್ನು ಹಿಡಿದೇ ಬಂದಿದ್ದರು.

ಕಳೆದ ಭಾನುವಾರ ಮಗ ಬೀರುವಿನ ಕೆಳಗೆ ನಿಂತು, “ಅಪ್ಪಾ, ಅದಕ್ಕೆ ಯಾರ ಮೇಲೆ ಕೋಪ?” ಎಂದು ಕೇಳಿದ. ಪೊಟ್ಟಣ ಒಡೆಯದೆಯೇ ಕೇಳಿದ್ದ! ಕಡಲಿನಲ್ಲಿ ಅದು ಮಲಗಿದ್ದಾಗ ಯಾರೋ ದೊಡ್ಡ ಬೆಂಕಿ ಹಚ್ಚಿದರು, ಅದಕ್ಕೇ ಕೋಪ ಎಂದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಪಾಪ” ಎಂದ.

ಇನ್ನು ನನ್ನ ಬಳಿ ವಾದ ಉಳಿಯಲಿಲ್ಲ. ಬೀರುವಿನಿಂದ ಇಳಿಸಿ ಪೊಟ್ಟಣ ಒಡೆದು ಕೊಟ್ಟೆ. ಸಂಜೆಯ ಹೊತ್ತಿಗೆ ಬಾಲಕ್ಕೆ ಮಣ್ಣು ಮೆತ್ತಿತ್ತು, ಬೆನ್ನಿನ ಬಣ್ಣ ಒಂದೆಡೆ ತರಚಿತ್ತು. ಮಿತ್ರ ಹೇಳಿದ ಬೆಲೆ ಹೋಯಿತು. ಚಿತ್ರದ ಚೀಟಿಯನ್ನು ಮಾತ್ರ, ಯಾರೂ ನೋಡದಂತೆ, ನಿಘಂಟಿನ ಪುಟಗಳ ನಡುವೆ ಇಟ್ಟುಕೊಂಡಿದ್ದೇನೆ.