ಮೊಫಸಲಿನಿಂದ ಬಂದ ಮಹೇಶಚಂದ್ರ

1848ರ ಸುಮಾರಿಗೆ ಕಲ್ಕತ್ತಾ ಚೆಸ್ ಕ್ಲಬ್ಬಿಗೆ ಒಂದು ಸುದ್ದಿ ಬಂತು. ಮೊಫಸಲಿನಲ್ಲೆಲ್ಲೋ ಒಬ್ಬ ಬ್ರಾಹ್ಮಣನಿದ್ದಾನಂತೆ, ಚದುರಂಗದಲ್ಲಿ ಈವರೆಗೆ ಸೋತೇ ಇಲ್ಲವಂತೆ. ಇಂಥ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ಊರಿಗೊಬ್ಬ ಸೋಲದ ಆಟಗಾರ ಇದ್ದೇ ಇರುತ್ತಾನೆ. ಆದರೆ ಕ್ಲಬ್ಬಿನ ದೊಡ್ಡ ಆಟಗಾರ ಜಾನ್ ಕೊಕ್ರೇನ್‌ಗೆ ಅಲ್ಲಿ ಸರಿಸಮ ಕೂತು ಆಡುವ ಜೊತೆಗಾರನೇ ಇರಲಿಲ್ಲ. ಈತ ಸ್ಕಾಟ್ಲೆಂಡಿನ ಬ್ಯಾರಿಸ್ಟರ್. 1821ರಲ್ಲೇ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ದಿಗ್ಗಜರಾದ ಡೆಶಪೆಲ್ ಮತ್ತು ಲಾ ಬೂರ್ಡೊನೆ ಜೊತೆ ಆಡಿ ಬಂದವನು. ಮರುವರ್ಷ ಆಟದ ಬಗ್ಗೆ ಪುಸ್ತಕವನ್ನೂ ಬರೆದವನು.

ಸುದ್ದಿಯ ಮನುಷ್ಯ ಸಿಕ್ಕ. ಹೆಸರು ಮಹೇಶಚಂದ್ರ ಬ್ಯಾನರ್ಜಿ. ಅವನನ್ನು ಕಲ್ಕತ್ತಕ್ಕೆ ಕರೆತಂದರು. ಕೊಕ್ರೇನ್ ಎದುರು ಸರಿಸಮವಾಗಿ ಆಡಿ ಗೆಲ್ಲುವ ಆಸೆ ಇಟ್ಟುಕೊಳ್ಳಬಹುದಾದವನು ಇಲ್ಲಿ ಅವನೊಬ್ಬನೇ ಎಂದು ಕ್ಲಬ್ಬಿನ ಸದಸ್ಯರೊಬ್ಬರು ಬರೆದ ಪತ್ರ, 1850ರಲ್ಲಿ ಲಂಡನ್ನಿನ ಚೆಸ್ ಪತ್ರಿಕೆಯಲ್ಲಿ ಅಚ್ಚಾಯಿತು.

ಮಹೇಶಚಂದ್ರ ಕಲಿತದ್ದು ನಮ್ಮ ಕಡೆಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ. ಒಮ್ಮೆಗೇ ಎರಡು ಮನೆ ಹಾರಿ ಹಲಗೆಯ ನಡುವನ್ನು ಹಿಡಿಯುವುದು ಯುರೋಪಿನವರ ಚಾಳಿ. ಹಳೆಯ ಆಟದಲ್ಲಿ ಪಳಗಿದ ಕೈ ಹೊಸ ನಿಯಮದಲ್ಲೂ ತನ್ನ ದಾರಿಯನ್ನೇ ಹಿಡಿಯಿತು: ಜಿ ಸಾಲಿನ ಕಾಲಾಳನ್ನು ಒಂದು ಮನೆ ಸರಿಸುವುದು, ತೆರವಾದ ಜಾಗದಲ್ಲಿ ಒಂಟೆಯನ್ನು ಕೂರಿಸುವುದು, ನಡುವಿನ ಮನೆಗಳನ್ನು ಎದುರಾಳಿಗೇ ಬಿಟ್ಟು ಉದ್ದನೆಯ ಕರ್ಣದ ಮೇಲಿಂದ ಅವುಗಳ ಮೇಲೆ ಕಣ್ಣಿಡುವುದು. ಆಗಿನ ಯುರೋಪಿಗೆ ಇದು ಅಂಜುಬುರುಕರ ಆಟದಂತೆ ಕಂಡಿರಲೂ ಸಾಕು. ಇ4 ಇ5 ಎಂದು ಎದೆಗೆ ಎದೆ ಕೊಟ್ಟು ನಿಲ್ಲುವುದೇ ಅಲ್ಲಿ ಗಂಡಸುತನವಾಗಿತ್ತು.

ವರ್ಷಗಟ್ಟಲೆ ಇಬ್ಬರೂ ಆಡಿದರು. ಹೆಚ್ಚಿನವನ್ನು ಗೆದ್ದವನು ಕೊಕ್ರೇನ್ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಈ ಆಟಗಳು ಬರಹದಲ್ಲಿ ಉಳಿದವು ಎಂಬುದೇ ದೊಡ್ಡದು.

1855ರ ಒಂದು ಆಟ ನೋಡಿ. ಕೊಕ್ರೇನ್ ಬಿಳಿ. ಡಿ4 ಎಂದ, ಮಹೇಶಚಂದ್ರನ ಕುದುರೆ ಎಫ್6ಕ್ಕೆ ಬಂತು. ಸಿ4 ಎಂದ, ಕಪ್ಪು ಕಾಲಾಳು ಜಿ6ಕ್ಕೆ. ಬಿಳಿ ಕುದುರೆ ಸಿ3ಕ್ಕೆ ಬಂದದ್ದೇ ತಡ, ಕಪ್ಪು ಕಾಲಾಳು ಎರಡು ಮನೆ ಹಾರಿ ಡಿ5ರಲ್ಲಿ ನಿಂತಿತು. ಮುಂದೆ ಬಿಳಿ ಅದನ್ನು ಹೊಡೆದಾಗ ಕಪ್ಪು ಕುದುರೆ ತಿರುಗಿ ಹೊಡೆಯಿತು, ಸಿ3ರಲ್ಲಿ ಕುದುರೆಗೆ ಕುದುರೆ ಹೋಯಿತು, ಆಮೇಲೆ ಸಿ5 ಎಂದು ಬಿಳಿಯ ನಡುಗೋಟೆಯ ಮೇಲೆ ಏಟು ಬಿತ್ತು. ಮೂಲೆಯ ಒಂಟೆ ಅದೇ ಗುರಿಗೆ ಕಾದು ಕೂತಿತ್ತು. ಆಟದ ಕೊನೆಯಲ್ಲಿ ಕೊಕ್ರೇನ್ ಬಲಿ ಕೊಟ್ಟು ಗೆದ್ದ, ಅದು ಬೇರೆ. ಕಪ್ಪು ಕಾಯಿಗಳ ಮೊದಲ ನಡೆಗಳಲ್ಲಿ ಇದ್ದ ವಿಚಾರ ಮಾತ್ರ ಸೋತಿರಲಿಲ್ಲ.

67 ವರ್ಷಗಳ ನಂತರ, 1922ರಲ್ಲಿ, ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಇದೇ ಮೂರು ನಡೆಗಳನ್ನು ಟೂರ್ನಿಗಳಲ್ಲಿ ಆಡತೊಡಗಿದ. ಅದೇ ವರ್ಷ ವಿಯೆನ್ನಾದಲ್ಲಿ ಅಲೆಖೈನ್‌ನನ್ನು ಇದೇ ಅಸ್ತ್ರದಿಂದ ಸೋಲಿಸಿದ. ಅಲೆಖೈನ್ ಐದು ವರ್ಷದಲ್ಲಿ ವಿಶ್ವ ಚಾಂಪಿಯನ್ ಆದವನು. ಅಂಥವನನ್ನು ಸೋಲಿಸಿದ ಮೇಲೆ ಓಪನಿಂಗ್‌ಗೆ ಗ್ರುನ್‌ಫೆಲ್ಡ್ ಡಿಫೆನ್ಸ್ ಎಂಬ ಹೆಸರು ಗಟ್ಟಿಯಾಗಲು ಎಷ್ಟು ಹೊತ್ತು ಬೇಕು?

ಹೆಸರು ಅಂಟಿಕೊಳ್ಳುವ ರೀತಿಯೇ ಹಾಗೆ. ಮೊದಲು ಆಡಿದವನಿಗಿಂತ ಅಚ್ಚಿನಲ್ಲಿ ಕಾಣಿಸಿಕೊಂಡವನಿಗೆ, ದೊಡ್ಡ ಟೂರ್ನಿಯಲ್ಲಿ ಗೆದ್ದವನಿಗೆ ಅದು ಬೇಗ ಒಲಿಯುತ್ತದೆ. ರುಯ್ ಲೋಪೆಸ್ ಎಂಬ ಸ್ಪೇನಿನ ಪಾದ್ರಿಗೆ 1561ರ ತನ್ನ ಪುಸ್ತಕದಿಂದ ಆ ಭಾಗ್ಯ ಬಂತು. ಸ್ವತಃ ಕೊಕ್ರೇನ್‌ಗೂ ಒಮ್ಮೆ ಈ ಪೆಟ್ಟು ಬಿದ್ದಿದೆ. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೋ ಕ್ಲಬ್ಬುಗಳು ಅಂಚೆಯಲ್ಲಿ ಆಡಿದಾಗ ಒಂದು ಓಪನಿಂಗನ್ನು ಲಂಡನ್ ತಂಡಕ್ಕೆ ಸೂಚಿಸಿದ್ದು ಅವನೇ. ಪಂದ್ಯ ನಡೆಯುತ್ತಿರುವಾಗಲೇ ಅವನು ಭಾರತಕ್ಕೆ ಹೊರಟ. ಲಂಡನ್ ಆ ಆಟ ಸೋತಿತು, ಎದುರಾಳಿಗಳು ಅದೇ ಓಪನಿಂಗನ್ನು ತಿರುಗಿಸಿ ಆಡಿ ಮೆರೆದರು; ಅದು ಸ್ಕಾಚ್ ಆಯಿತು. ಕೊಕ್ರೇನ್ ಕೂಡ ಸ್ಕಾಟನೇ ಎಂಬ ಸಮಾಧಾನ ಅವನಿಗಿತ್ತೋ ಏನೋ.

ಮಹೇಶಚಂದ್ರನಿಗೆ ಸಿಕ್ಕದ್ದು ದೇಶದ ಹೆಸರು. ‘ಇಂಡಿಯನ್ ಡಿಫೆನ್ಸ್’ ಎಂಬ ಮಾತು 1884ರಷ್ಟು ಹಿಂದೆಯೇ ಸಿಗುತ್ತದೆ, ಅದರ ಬೇರು ಕೊಕ್ರೇನ್ ಎದುರು ಅವನು ಆಡಿದ ಆಟಗಳಲ್ಲಿದೆ. 1920ರ ದಶಕದಲ್ಲಿ ಹೊಸ ಪಂಥದವರು ಮೂಲೆಯ ಒಂಟೆಗಳನ್ನು ಮೆಚ್ಚತೊಡಗಿದಾಗ ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್, ಬೋಗೋ ಇಂಡಿಯನ್ ಎಂದು ಒಂದು ಕುಟುಂಬವೇ ಬೆಳೆಯಿತು. ನಿಮ್ಜೋವಿಚ್, ಬೊಗೊಲ್ಯುಬೊವ್ ಹೆಸರುಗಳಿಗೆ ಅಲ್ಲಿ ಜಾಗವಿದೆ, ಬ್ಯಾನರ್ಜಿಗೆ ಇಲ್ಲ. ಈ ಬಗೆಯ ರಕ್ಷಣೆಗಳನ್ನು ಕೊಕ್ರೇನ್ ಬಹುಮಟ್ಟಿಗೆ ಆ ಬ್ರಾಹ್ಮಣನಿಂದಲೇ ಕಲಿತ ಎಂದು ಇತಿಹಾಸಕಾರ ಫಿಲಿಪ್ ಸಾರ್ಜೆಂಟ್ 1934ರಲ್ಲಿ ಬರೆದ. ಬರೆದದ್ದೇನೋ ಸರಿ, ಆ ಹೊತ್ತಿಗೆ ನಾಮಕರಣ ಮುಗಿದುಹೋಗಿತ್ತು.

ಕೊಕ್ರೇನ್ ಹೆಸರು ಮಾತ್ರ ಅದೇ ಕಲ್ಕತ್ತದ ಹಲಗೆಯ ಮೇಲೆ ಉಳಿಯಿತು. 1848ರಲ್ಲಿ ಮಹೇಶಚಂದ್ರ ಪೆಟ್ರೋಫ್ ಡಿಫೆನ್ಸ್ ಆಡಿದಾಗ ನಾಲ್ಕನೆಯ ನಡೆಯಲ್ಲೇ ಕೊಕ್ರೇನ್ ಎರಡು ಕಾಲಾಳುಗಳ ಬೆಲೆಗೆ ಕುದುರೆಯನ್ನೇ ಕೊಟ್ಟ. ಅದಕ್ಕೆ ಇಂದಿಗೂ ಕೊಕ್ರೇನ್ ಗ್ಯಾಂಬಿಟ್ ಎನ್ನುತ್ತಾರೆ. 1999ರಲ್ಲಿ ಲಿನಾರೆಸ್‌ನಲ್ಲಿ ಬಲ್ಗೇರಿಯದ ತೋಪಲೋವ್ ಅದನ್ನು ಕ್ರಾಮ್ನಿಕ್ ವಿರುದ್ಧ ಆಡಿ ಡ್ರಾ ಮಾಡಿಕೊಂಡ. ಅದೇ ತೋಪಲೋವ್ 2010ರಲ್ಲಿ ಸೋಫಿಯಾದಲ್ಲಿ ವಿಶ್ವ ಪಟ್ಟಕ್ಕಾಗಿ ವಿಶ್ವನಾಥನ್ ಆನಂದ್ ಎದುರು ಕೂತ. ಮೊದಲ ಆಟದಲ್ಲಿ ಆನಂದ್‌ಗೆ ಕಪ್ಪು ಕಾಯಿ. ಕುದುರೆ ಎಫ್6, ಜಿ6, ಡಿ5 ಎಂದು ಶುರುಮಾಡಿ ಸೋತರು. ಪಟ್ಟವನ್ನು ಮಾತ್ರ ಬಿಟ್ಟುಕೊಡಲಿಲ್ಲ.